ಮಳೆಗಾಲದಲ್ಲಿ ಕೈಯಲ್ಲೇ ಮಾಡುವ ಗ್ರೀಟಿಂಗ್ ಕಾರ್ಡ್: ಕಾಗದ ಸೊಟ್ಟಗಾಗದ ಹಾಗೆ ಏನು ಮಾಡೋದು?

ಕಿರುಬೆರಳು_ಮಡಿಕೇರಿ:
ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಆಯುಧಪೂಜೆ ಹಬ್ಬ ಕೈಲ್ ಮುಹೂರ್ತ. ಅದಕ್ಕೆ 40 ಕಾರ್ಡ್ ಆಗಬೇಕು, ಆಮೇಲೆ ಸುಗ್ಗಿ ಹಬ್ಬ ಹುತ್ತರಿಗೆ ಇನ್ನಷ್ಟು. ಎ5 ಹಾಳೆಯನ್ನು ಅರ್ಧಕ್ಕೆ ಮಡಚಿದ ಅಳತೆ, 250 ಜಿಎಸ್‌ಎಂ ಐವರಿ ಬೋರ್ಡ್ ಅನ್ನೋ ದಪ್ಪ ಕಾಗದ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ). ಮುಂದೆ ಕಾಫಿ ಹೂವಿನ ಕ್ವಿಲ್ಲಿಂಗ್ (ಸಣ್ಣ ಕಾಗದದ ಪಟ್ಟಿ ಸುತ್ತಿ ಮಾಡುವ ಚಿತ್ತಾರ), ಕೆಳಗೆ ಕತ್ತರಿಸಿದ ಕನ್ನಡ ಅಕ್ಷರ. ಅಂಟು ಮಾಮೂಲಿ ಬಿಳಿ ಫೆವಿಕಾಲ್.

ಸಮಸ್ಯೆ ಮೂರು. ಅಂಟಿಸಿದ ಮರುದಿನ ಬೋರ್ಡ್ ದೋಣಿಯ ಹಾಗೆ ಬಾಗುತ್ತೆ. ಮಡಿಕೆಯ ಬೆನ್ನಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತೆ. ಸುತ್ತಿದ ಸುರುಳಿ ಎರಡು ದಿನದಲ್ಲಿ ಸಡಿಲವಾಗಿ ಹೂವಿನ ಆಕಾರವೇ ಹೋಗುತ್ತೆ. ಆಗಸ್ಟ್ ಮಳೆಯಲ್ಲಿ ಈ ಕೆಲಸ ಆಗುತ್ತಾ, ಇಲ್ಲ ಬೇರೆ ಕುಸುರಿ ಹಿಡಿಯೋದು ಮೇಲಾ?

ಗೋಂದು ಗೋಣಿಕೊಪ್ಪ:
ಆಗುತ್ತೆ. ಅಂಟಿನ ನೀರು ಕಮ್ಮಿ ಮಾಡಿ, ಅಷ್ಟೆ.

ಪ್ರೆಸ್ಸಿನ_ಅಣ್ಣ:
ಅಷ್ಟೇ ಅಲ್ಲ. ಮೂರರಲ್ಲಿ ಎರಡು ತೊಂದರೆ ಕಾಗದದ ಗ್ರೇನ್‌ನಿಂದ ಬಂದದ್ದು, ಅಂಟಿನದ್ದಲ್ಲ. ಕಾಗದ ತಯಾರಾಗುವಾಗ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತೆ, ಆ ದಿಕ್ಕೇ ಗ್ರೇನ್. ಥಂಡಿ ಹೀರಿದಾಗ ನಾರು ಉದ್ದಕ್ಕೆ ಹಿಗ್ಗುವುದು ಕಮ್ಮಿ, ಅಡ್ಡಕ್ಕೆ ಹಿಗ್ಗುವುದು ಜಾಸ್ತಿ. ಆದ್ದರಿಂದ ಹಾಳೆ ಯಾವತ್ತೂ ನಾರಿನ ಸಾಲಿಗೆ ಸರಿಯಾಗಿಯೇ ಸುರುಳಿಯಾಗುತ್ತೆ.

ದಿಕ್ಕು ಗೊತ್ತು ಮಾಡಿಕೊಳ್ಳೋದು ಸುಲಭ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಒಂದೊಂದು ಸಲ ಮೆಲ್ಲಗೆ ಬಗ್ಗಿಸಿ, ಅಂಗೈಯಲ್ಲಿ ಒತ್ತಿ ನೋಡಿ. ಯಾವ ಕಡೆ ಹಗುರವಾಗಿ ಬಗ್ಗುತ್ತೋ ಆ ಬಾಗಿನ ಗೆರೆಯೇ ಗ್ರೇನ್. ಅನುಮಾನ ಇದ್ದರೆ 5 ಸೆಂ.ಮೀ. ಚೌಕ ತುಂಡು ಕತ್ತರಿಸಿ ಒಂದು ಮಗ್ಗುಲಿಗೆ ಮಾತ್ರ ನೀರು ಸವರಿ. ಅದು ಕೊಳವೆಯಾಗಿ ಸುತ್ತಿಕೊಳ್ಳುತ್ತೆ. ಆ ಕೊಳವೆಯ ಉದ್ದವೇ ಗ್ರೇನ್ ದಿಕ್ಕು.

ಈಗ ನಿಮ್ಮ ಕಾರ್ಡ್. ಗ್ರೇನ್ ಎ4 ಹಾಳೆಯ ಉದ್ದಕ್ಕೆ ಇದೆ ಅಂದುಕೊಳ್ಳಿ. ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿದರೆ 148×210ರ ಎರಡು ತುಂಡು ಬರುತ್ತೆ, ಗ್ರೇನ್ 148ರ ಕಡೆಗೆ ಇರುತ್ತೆ. 210ನ್ನು ಅರ್ಧಕ್ಕೆ ಮಡಚಿದರೆ ಮಡಿಕೆ ಗೆರೆ 148 ಉದ್ದ, ಗ್ರೇನಿಗೆ ಸಮ. ಬೆನ್ನು ಒಡೆಯಲ್ಲ. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ 105×297 ಮಾಡಿಕೊಂಡು ಮಡಚಿದರೂ ಕಾರ್ಡ್ ಅಳತೆ ಅದೇ ಬರುತ್ತೆ, ಆದರೆ ಮಡಿಕೆ ನಾರನ್ನು ಅಡ್ಡಕ್ಕೆ ಮುರಿಯುತ್ತೆ. ಬಿಳಿ ಗೆರೆ ಬರೋದು ಅಲ್ಲೇ. ದೊಡ್ಡ ಬೋರ್ಡಿನಿಂದ ಅಂಗಡಿಯವರು ಕತ್ತರಿಸಿ ಕೊಟ್ಟದ್ದಾದರೆ ಎ4 ಅಂತ ಇದ್ದರೂ ಗ್ರೇನ್ ಯಾವ ಕಡೆಗೂ ಇರಬಹುದು. ಪ್ರತಿ ಕಟ್ಟಿಗೂ ಒಂದು ಹಾಳೆ ಪರೀಕ್ಷಿಸಿ.

ಕಿರುಬೆರಳು_ಮಡಿಕೇರಿ:
ನೋಡಿದೆ ಅಣ್ಣ, ಉದ್ದಕ್ಕೆ ಸೀಳಿದ ತುಂಡುಗಳೇ ಇವು. ಮಡಿಕೆಗೆ ಗೀರು ಹಾಕುವಾಗ ಗುಳಿ ಒಳಗೆ ಬರಬೇಕಾ ಹೊರಗಾ?

ನಾಪೋಕ್ಲು_ನವಿರು:
ಒಳಗೆ. ಗುಳಿ ಇರುವ ಕಡೆಗೇ ತಾನೇ ಮಡಚೋದು.

ಪ್ರೆಸ್ಸಿನ_ಅಣ್ಣ:
ಉಲ್ಟಾ. ಒತ್ತಿದಾಗ ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು ಏಳುತ್ತೆ. ಮಡಚಿದಾಗ ಉಬ್ಬು ಒಳಗೆ ಸೇರಬೇಕು, ಗುಳಿ ಹೊರಗೆ ಉಳಿಯಬೇಕು. ಹೊರಮೈ ಎಳೆತಕ್ಕೆ ಸಿಕ್ಕುವುದರಿಂದ ಅಲ್ಲಿ ಮೊದಲೇ ಒತ್ತಿದ ಜಾಗ ಇದ್ದರೆ ಪದರ ಹರಿಯಲ್ಲ. ಪ್ರೆಸ್ಸಿನ ಕ್ರೀಸಿಂಗ್ ಎಲ್ಲ ಹೀಗೇ.

ನಾಪೋಕ್ಲು_ನವಿರು:
120 ಜಿಎಸ್‌ಎಂ ಕಾಗದಕ್ಕೆ ಯಾವ ಕಡೆ ಆದರೂ ನಡೆಯುತ್ತೆ ಬಿಡಿ.

ಪ್ರೆಸ್ಸಿನ_ಅಣ್ಣ:
120ಕ್ಕೆ ಗೀರೇ ಬೇಡ. ಮಾತು 250ರದ್ದು.

ಸುರುಳಿ_ಸೋಮವಾರಪೇಟೆ:
ಗೀರಿಗೆ ಕಟರ್ ಮೊಂಡು ಬೆನ್ನು ಬಳಸಬೇಡಿ, ಪದರ ಕೀಳುತ್ತೆ. ಶಾಯಿ ಮುಗಿದ ಬಾಲ್‌ಪೆನ್ ರೀಫಿಲ್ ಸಾಕು. ಕೆಳಗೆ ಹಳೆಯ ಕ್ಯಾಲೆಂಡರಿನ ನಾಲ್ಕೈದು ಹಾಳೆ ಹಾಸಿ, ಸ್ಟೀಲ್ ಸ್ಕೇಲ್ ಹಿಡಿದು ಎರಡು ಸಲ ಎಳೆಯಿರಿ. ಗಾಜಿನ ಮೇಲೆ ಇಟ್ಟು ಎಳೆದರೆ ಗುಳಿ ಬೀಳಲ್ಲ, ಮೈ ಬರೀ ತೇಯುತ್ತೆ.

ಗೋಂದು ಗೋಣಿಕೊಪ್ಪ:
ಈಗ ಅಂಟಿಗೆ ಬರ್ತೀನಿ. ಬಿಳಿ ಅಂಟು ಅಂದರೆ ನೀರಲ್ಲಿ ತೇಲುವ ಪಿವಿಎ. ನೀರು ಹೋದ ಮೇಲೇ ಹಿಡಿತ. ಬೇಸಿಗೆಯಲ್ಲಿ ಒಂದಷ್ಟು ನೀರು ಗಾಳಿಗೆ, ಉಳಿದದ್ದು ಕಾಗದಕ್ಕೆ. ಆಗಸ್ಟಲ್ಲಿ ಗಾಳಿ ತಾನೇ ತುಂಬಿಕೊಂಡಿರುತ್ತೆ, ಹಾಗಾಗಿ ಹೆಚ್ಚಿನದು ಕಾಗದಕ್ಕೇ ಇಳಿಯುತ್ತೆ. ನೀರು ಕುಡಿದ ಮೈ ಹಿಗ್ಗಿ, ಆಮೇಲೆ ಒಣಗುವಾಗ ಮೊದಲಿಗಿಂತ ಕುಗ್ಗಿ ತನ್ನ ಕಡೆಗೆ ಬೋರ್ಡನ್ನು ಎಳೆಯುತ್ತೆ.

ದಾರಿ ಏನೆಂದರೆ ಕಾರ್ಡಿನ ಮೇಲೆ ಒದ್ದೆ ಕೆಲಸವನ್ನೇ ಮಾಡಬೇಡಿ. ಬೇರೆ ಫಲಕ ಮಾಡಿ: 95×138 ಮಿ.ಮೀ., 300 ಜಿಎಸ್‌ಎಂ. ಕ್ವಿಲ್ಲಿಂಗ್ ಎಲ್ಲ ಅದರ ಮೇಲೆ. ಫಲಕದ ಹಿಂದೆ ಅದೇ ಗ್ರೇನ್ ದಿಕ್ಕಿನ ಸಾದಾ ಜೆರಾಕ್ಸ್ ಹಾಳೆಯನ್ನು ಅದೇ ಅಂಟಿನಲ್ಲಿ ಮೊದಲೇ ಅಂಟಿಸಿ, ಎರಡೂ ಕಡೆ ಎಳೆತ ಸಮ ಆಗುತ್ತೆ. ಬಟರ್ ಪೇಪರ್ ನಡುವೆ ಇಟ್ಟು ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಬಿಡಿ. ಸುರುಳಿ ಕೂರಿಸೋದು ಅದಾದ ಮೇಲೆ, ಯಾಕೆಂದರೆ ಸುರುಳಿ ಕೂತ ಮೇಲೆ ಭಾರ ಹೇರೋ ಹಾಗಿಲ್ಲ. ಪೂರ್ತಿ ಒಣಗಿದ ಫಲಕವನ್ನು ಡಬಲ್ ಸೈಡ್ ಟೇಪಿನಲ್ಲಿ ಕಾರ್ಡಿಗೆ ಹಚ್ಚಿ. ಕಾರ್ಡಿನ ಬೋರ್ಡಿಗೆ ಒಂದು ಹನಿ ನೀರೂ ಮುಟ್ಟಿರಲ್ಲ.

ಅಂಟನ್ನು ಪ್ಲಾಸ್ಟಿಕ್ ಮುಚ್ಚಳಕ್ಕೆ ಹಿಂಡಿ ಹತ್ತು ನಿಮಿಷ ಬಿಟ್ಟು ಬಳಸಿ, ಗಟ್ಟಿಯಾಗುತ್ತೆ. ಟೂತ್‌ಪಿಕ್ ತುದಿಯಲ್ಲಿ ಸಾಸಿವೆ ಕಾಳಿನಷ್ಟು, ಸುರುಳಿಯ ತುದಿಗೆ ಅಷ್ಟೇ. ಜಾಸ್ತಿ ಹಾಕಿದರೆ ಒಣಗಿದ ಮೇಲೆ ಹೊಳೆಯೋ ಕಲೆ ಬೇರೆ.

ಕಾಫಿಕಣ್ಣು:
ಮೈದಾ ಅಂಟು ಮಾಡ್ಕೊಳ್ಳಿ, ತೋಟದಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆಗೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಹೇಗೂ ಇರುತ್ತೆ, ಒಂದು ಚಿಟಿಕೆ ಹಾಕಿದರೆ ಬೂಷ್ಟೂ ಬರಲ್ಲ ಹುಳವೂ ಹತ್ತಲ್ಲ. ಬೈಂಡಿಂಗ್‌ನವರು ಮಾಡೋದೇ ಹಾಗೆ.

ಗೋಂದು ಗೋಣಿಕೊಪ್ಪ:
ಬೈಂಡಿಂಗ್‌ನವರು ರಟ್ಟಿನ ಒಳಗೆ ಹಾಕ್ತಾರೆ, ಅದನ್ನು ಯಾರೂ ನೆಕ್ಕಲ್ಲ. ಗ್ರೀಟಿಂಗ್ ಕಾರ್ಡ್ ಮಕ್ಕಳ ಕೈಗೆ ಹೋಗುತ್ತೆ. ಮೈಲುತುತ್ತ ವಿಷ, ಬಿಳಿ ಕಾಗದಕ್ಕೆ ನೀಲಿ ಹಸಿರು ಛಾಯೆಯನ್ನೂ ಕೊಡುತ್ತೆ. ಮೈದಾ ಅಂಟಿನಲ್ಲಿ ನೀರು ಪಿವಿಎಗಿಂತ ಜಾಸ್ತಿ, ಬಾಗುವುದು ಇನ್ನೂ ಜೋರು. ಬೇಡ ಮಾರಾಯ್ರೆ.

ಕಾಫಿಕಣ್ಣು:
ಸರಿ, ತೋಟಕ್ಕೇ ಇಟ್ಕೊಳ್ತೀವಿ. ಆದರೆ ಕಾಫಿ ಹೂವಿನ ವಿಷಯದಲ್ಲಿ ನಾನು ಬಿಡಲ್ಲ. ನೆಟ್ಟಲ್ಲಿ ಕಾಣೋ ಅರ್ಧಕ್ಕರ್ಧ ಕ್ವಿಲ್ಲಿಂಗ್ ಕಾಫಿ ಹೂ ಕೊಂಬೆಯ ತುದಿಯಲ್ಲಿ ಮಲ್ಲಿಗೆ ಗೊಂಚಲಿನ ಹಾಗೆ ಕೂತಿರುತ್ತೆ. ಕಾಫಿ ಹಾಗೆ ಹೂ ಬಿಡಲ್ಲ. ಎಲೆ ಜೋಡಿ ಜೋಡಿಯಾಗಿ ಎದುರುಬದುರು ಇರುತ್ತೆ, ಆ ಎಲೆ ಕಂಕುಳಲ್ಲಿ, ಗಿಣ್ಣು ಗಿಣ್ಣಿಗೆ ಹೂ ಕಟ್ಟುತ್ತೆ. ಕೊಂಬೆ ಉದ್ದಕ್ಕೂ ಬಿಳಿ ಗುಪ್ಪೆ, ನಡುವೆ ಹಸಿರು, ಮತ್ತೆ ಗುಪ್ಪೆ. ಅರೇಬಿಕಾಕ್ಕೆ ಸಾಮಾನ್ಯವಾಗಿ ಐದು ಎಸಳು, ರೊಬಸ್ಟಾದಲ್ಲಿ ಆರು ಏಳೂ ಕಾಣಬಹುದು. ಎಲೆಯ ಅಂಚು ಸ್ವಲ್ಪ ಅಲೆಅಲೆ, ರೊಬಸ್ಟಾ ಎಲೆ ದೊಡ್ಡದು.

ಸುರುಳಿ_ಸೋಮವಾರಪೇಟೆ:
ಇದು ಒಳ್ಳೇ ಮಾತು. ಹಾಗಾದರೆ ಅಳತೆ ಹೀಗಿಡಿ.

ಎಸಳು: 3 ಮಿ.ಮೀ. ಅಗಲ, 10 ಸೆಂ.ಮೀ. ಉದ್ದದ ಪಟ್ಟಿ. ಸುತ್ತಿ, ವೃತ್ತದ ಅಚ್ಚಿನಲ್ಲಿ 10 ಮಿ.ಮೀ. ಗುಂಡಿಗೆ ಬಿಟ್ಟು ಸಡಿಲಿಸಿ, ತುದಿ ಅಂಟಿಸಿ, ಎರಡೂ ಕೊನೆ ಚಿವುಟಿದರೆ ಕಣ್ಣಿನ ಆಕಾರ. ಐದು ಸೇರಿದರೆ ಒಂದು ಹೂ. ಗುಪ್ಪೆಯಲ್ಲಿ ಎಲ್ಲ ಹೂವನ್ನೂ ಪೂರ್ತಿ ಮಾಡೋದು ಬೇಡ. ಮುಂದೆ ಎರಡು ಪೂರ್ತಿ ಹೂ, ಹಿಂದೆ ಬಿಡಿ ಎಸಳು ತುರುಕಿದರೆ ತುಂಬಿದ ಹಾಗೆ ಕಾಣುತ್ತೆ.

ಹಣ್ಣು: ಕೆಂಪು ಪಟ್ಟಿ 30 ಸೆಂ.ಮೀ., ಬಿಗಿ ಸುರುಳಿ. 80 ಜಿಎಸ್‌ಎಂ ಕಾಗದ ಸುಮಾರು 0.1 ಮಿ.ಮೀ. ದಪ್ಪ, ಹಾಗಾಗಿ 6 ಮಿ.ಮೀ. ಆಸುಪಾಸಿನ ಗುಂಡು ಬರುತ್ತೆ. 90 ಸೆಂ.ಮೀ. ಜೋಡಿಸಿ ಸುತ್ತಿದರೆ ಹತ್ತಕ್ಕೂ ಸ್ವಲ್ಪ ಮೇಲೆ, ಈ ಕಾರ್ಡಿಗೆ ದೊಡ್ಡದಾಯಿತು. ಪೆನ್ನಿನ ಮುಚ್ಚಳದ ತಲೆಯಿಂದ ನಡುವೆ ಒತ್ತಿ ಗುಮ್ಮಟ ಮಾಡಿ, ಒಳಮೈಗೆ ತೆಳುವಾಗಿ ಅಂಟು ಸವರಿ. ಹೊರಮೈಗೆ ಸವರಿದರೆ ಹೊಳೆದು ಗೆರೆ ಮುಚ್ಚುತ್ತೆ. ಕಾಳುಮೆಣಸಿಗೆ 6 ಸೆಂ.ಮೀ. ಪಟ್ಟಿ ಸಾಕು, 3 ಮಿ.ಮೀ. ಕಾಳು ಆಗುತ್ತೆ.

ಬಿಳಿ ಬೋರ್ಡ್ ಮೇಲೆ ಬಿಳಿ ಹೂ ಕಾಣಲ್ಲ. ಬಾಟಲ್ ಗ್ರೀನ್ ಫಲಕ ಹಾಕಿ, ಇಲ್ಲವೇ ಕೆನೆ ಬಣ್ಣದ ಪಟ್ಟಿ ತಗೊಳ್ಳಿ.

ಕಾಫಿಕಣ್ಣು:
ಮೆಣಸಿನ ತೆನೆ ಎಲೆಯ ಎದುರು ಮಗ್ಗುಲಿಂದ ಇಳಿಬೀಳುತ್ತೆ, ಕಂಕುಳಿಂದ ಅಲ್ಲ. ಬರೆದಿಟ್ಕೊಳ್ಳಿ.

ಬೆಂಗಳೂರಲ್ಲಿ_ಕೊಡಗು:
ಕಾರ್ಡ್ ಮಾಡೋಕೆ ಸಸ್ಯಶಾಸ್ತ್ರ ಪರೀಕ್ಷೆ ಪಾಸಾಗಬೇಕು ಅಂತ ಗೊತ್ತಿರಲಿಲ್ಲ 😄 ನಿಜವಾದ ಹೂವನ್ನೇ ಒತ್ತಿ ಒಣಗಿಸಿ ಅಂಟಿಸಬಾರದಾ?

ಕಾಫಿಕಣ್ಣು:
ಮಾರ್ಚ್ ಏಪ್ರಿಲಲ್ಲಿ ಹೂ ಮಳೆ ಬಿದ್ದ ಮೇಲೆ ಸಿಗುವ ಹೂ ಅದು, ಆಗಸ್ಟಲ್ಲಿ ಎಲ್ಲಿಂದ ತರ್ತೀರಿ? ಅದೂ ಒತ್ತಿದರೆ ಬಿಳಿ ಉಳಿಯಲ್ಲ, ಕಂದು ಆಗುತ್ತೆ. ಒತ್ತಲೇಬೇಕು ಅಂದರೆ ಜರಿಗಿಡದ ಎಲೆ ಒತ್ತಿ. ಹೀರುವ ಕಾಗದವನ್ನು ದಿನಾ ಬದಲಾಯಿಸಬೇಕು, ಮಳೆಗಾಲದಲ್ಲಿ ಒಂದು ದಿನ ಮರೆತರೂ ಬೂಷ್ಟು.

ಕಿರುಬೆರಳು_ಮಡಿಕೇರಿ:
ಸುರುಳಿ ಸಡಿಲ ಆಗೋದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಸುರುಳಿ_ಸೋಮವಾರಪೇಟೆ:
ಎರಡು ಕಾರಣ ಇರಬಹುದು. ಒಂದು, ತುದಿಯ ಅಂಟು ಪೂರ್ತಿ ಹಿಡಿಯೋ ಮೊದಲೇ ಚಿವುಟಿದ್ದು. ಬೇಸಿಗೆಯಲ್ಲಿ ನಿಮಿಷದೊಳಗೆ ಹಿಡಿಯುವ ತುದಿಗೆ ಈಗ ಐದಾರು ನಿಮಿಷ ಕೊಡಬೇಕು. ಒಂದು ತಟ್ಟೆ ತುಂಬ ಸುರುಳಿ ಮೊದಲು ಸುತ್ತಿ ತುದಿ ಅಂಟಿಸಿ, ಚಿವುಟುವ ಕೆಲಸ ಆಮೇಲೆ ಒಟ್ಟಿಗೆ ಮಾಡಿ. ಎರಡು, ಥಂಡಿ ಹೀರಿದ ಪಟ್ಟಿ ಚಿವುಟಿದ ಮೂಲೆಯನ್ನು ಮರೆತುಬಿಡುತ್ತೆ. ಚಿವುಟಿದ ಮೂಲೆಯ ಒಳಗೆ ಟೂತ್‌ಪಿಕ್‌ನಿಂದ ಒಂದು ಚುಕ್ಕೆ ಅಂಟು ಇಟ್ಟು ಇನ್ನೊಮ್ಮೆ ಒತ್ತಿ ಹಿಡಿಯಿರಿ. ಅದು ಬೇಸಿಗೆಯಲ್ಲಿ ಬೇಕಿಲ್ಲ, ಈಗ ಬೇಕು.

ಪಟ್ಟಿ ಮನೆಯಲ್ಲೇ ಕತ್ತರಿಸೋದಾದರೆ ಎ4ರ ಉದ್ದಕ್ಕೆ ಕತ್ತರಿಸಿ. ಜೆರಾಕ್ಸ್ ಹಾಳೆಯ ಗ್ರೇನ್ ಸಾಮಾನ್ಯವಾಗಿ ಉದ್ದಕ್ಕೇ ಇರುತ್ತೆ, ಆದ್ದರಿಂದ ಎಳೆದರೂ ಹರಿಯಲ್ಲ. 3 ಮಿ.ಮೀ.ಗೆ ಲೆಕ್ಕದ ಪ್ರಕಾರ 70 ಪಟ್ಟಿ, ಅಂಚಿನ ಹಾಳು ಬಿಟ್ಟು ಅದಕ್ಕಿಂತ ಕಮ್ಮಿ ಸಿಗುತ್ತೆ. ಬ್ಲೇಡ್ ತುದಿಯನ್ನು ಆಗಾಗ ಮುರಿದು ಹೊಸದು ಮಾಡಿ. ಮೊಂಡು ಬ್ಲೇಡ್ ಥಂಡಿ ಕಾಗದವನ್ನು ಕತ್ತರಿಸಲ್ಲ, ಎಳೆದು ಜುಂಗು ಮಾಡುತ್ತೆ.

ಅಂಚೆಚೀಟಿ:
ಡಬ್ಬದಲ್ಲಿ ಸಿಲಿಕಾ ಜೆಲ್ ಇಡೋದು ಯಾರೂ ಹೇಳಿಲ್ಲವಲ್ಲ? ರಬ್ಬರ್ ವಾಷರ್ ಇರುವ ಮುಚ್ಚಳದ 20 ಲೀಟರ್ ಪ್ಲಾಸ್ಟಿಕ್ ಡಬ್ಬ, ತಳದಲ್ಲಿ ಬಟ್ಟೆ ಚೀಲದಲ್ಲಿ 250 ಗ್ರಾಂ ಜೆಲ್. ಕಿತ್ತಳೆ ಬಣ್ಣದ ಕಾಳು ಹಸಿರಾದರೆ ಅದರ ಹೀರುವ ಶಕ್ತಿ ಮುಗಿಯಿತು. ಅವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ನೀಲಿ ಕಾಳು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅಡುಗೆಯ ಅವನ್‌ಗೆ ಹಾಕುವ ವಸ್ತು ಅಲ್ಲ.

ನಾಪೋಕ್ಲು_ನವಿರು:
ಅಕ್ಕಿ ಹಾಕಿದರೆ ಆಗಲ್ವಾ?

ಅಂಚೆಚೀಟಿ:
ಆಗಸ್ಟಲ್ಲಿ ಅಕ್ಕಿಯೇ ಥಂಡಿ ಹಿಡಿದಿರುತ್ತೆ. ಹುಳವೂ ಬರುತ್ತೆ.

ಪ್ರೆಸ್ಸಿನ_ಅಣ್ಣ:
ಡಬ್ಬಕ್ಕೆ ಒಂದು ಎಚ್ಚರಿಕೆ. ಮಡಚದ ಬೋರ್ಡನ್ನು ವಾರಗಟ್ಟಲೆ ಅದರಲ್ಲಿಟ್ಟು ಆಮೇಲೆ ಮಡಚಬೇಡಿ. ಅತಿ ಒಣಗಿದ ಬೋರ್ಡ್ ಗ್ರೇನ್ ಸರಿ ಇದ್ದರೂ ಸಿಡಿಯುತ್ತೆ. ಗೀರು, ಮಡಿಕೆ ಎಲ್ಲ ಹೊರಗೆ ಹದವಾದ ಥಂಡಿ ಇರುವಾಗಲೇ ಮುಗಿಸಿ ಡಬ್ಬಕ್ಕೆ ಹಾಕಿ.

ಗೋಂದು ಗೋಣಿಕೊಪ್ಪ:
ಒಲೆ ಮೇಲಿನ ಅಟ್ಟದಲ್ಲಿ ಒಣಗಿಸುವ ಉಪಾಯ ಯಾರಾದರೂ ಹೇಳೋ ಮೊದಲೇ ಹೇಳ್ತೀನಿ: ಹೊಗೆ ಹಳದಿ ಮಾಡುತ್ತೆ, ಲಕೋಟೆ ತೆರೆದರೆ ಒಣಮೀನಿನ ವಾಸನೆ ಬರುತ್ತೆ.

ಬೆಂಗಳೂರಲ್ಲಿ_ಕೊಡಗು:
ಊರಿಂದ ಬಂದ ಕಾರ್ಡ್ ಅಂತ ಗೊತ್ತಾಗಬೇಕಲ್ಲ 😂

ನಾಲ್ಕು_ಮಡಿಕೆ:
ಎಲ್ಲರೂ ಕ್ವಿಲ್ಲಿಂಗ್ ಹಿಡಿದು ಕೂತಿದ್ದೀರಿ. ಮಳೆಗಾಲಕ್ಕೆ ಅಂಟೇ ಬೇಡದ ಕೆಲಸ ಪಾಪ್ ಅಪ್, ಅಂದರೆ ಕಾರ್ಡ್ ತೆರೆದಾಗ ಎದ್ದು ನಿಲ್ಲುವ ಆಕಾರ. ಹುತ್ತರಿ ಕಾರ್ಡಿಗೆ ಕೊಡವ ಕುಟುಂಬದ ಮೂಲಮನೆ ಐನ್‌ಮನೆ ಮಾಡಿ ನೋಡಿ, ಒಂದೇ ಹಾಳೆಯಲ್ಲಿ ಬರುತ್ತೆ.

ಒಳಹಾಳೆ 160 ಅಥವಾ 180 ಜಿಎಸ್‌ಎಂ, ಕಾರ್ಡಿಗಿಂತ ಸುತ್ತ 1 ಮಿ.ಮೀ. ಚಿಕ್ಕದು. ನಡು ಮಡಿಕೆಯಿಂದ ಮೇಲಕ್ಕೆ 35 ಮಿ.ಮೀ., ಕೆಳಕ್ಕೆ 25 ಮಿ.ಮೀ. ಬರುವ ಹಾಗೆ ಎರಡು ಸೀಳು, ನಡುವೆ ಅಂತರ 90 ಮಿ.ಮೀ. ಮನೆಯ ಎತ್ತರ 35, ಆಳ 25. ಹೊಸ ಮಡಿಕೆ ಗೆರೆ ಕೆಳಗಿನ ಕೊನೆಯಿಂದ 35 ಮಿ.ಮೀ. ಮೇಲೆ ಬೀಳಬೇಕು. ಅದನ್ನು ನಡು ಮಡಿಕೆಯ ಮೇಲೇ ಹಾಕಿದರೆ ಮನೆ ಓರೆಯಾಗುತ್ತೆ, ಎತ್ತರ ಆಳ ಎರಡೂ ಒಂದೇ ಇದ್ದಾಗ ಮಾತ್ರ ಅಲ್ಲಿ ಸರಿ. ಮನೆಯ ಮುಂಗೋಡೆ ನೆಲಕ್ಕೆ ಸೇರುವ ಮಡಿಕೆಯಲ್ಲಿ ಇನ್ನೊಂದು ಪುಟ್ಟ ಜೋಡಿ ಸೀಳು, ಎರಡೂ ಕಡೆ 12 ಮಿ.ಮೀ., ಅಂತರ 30. ಅದು ಮೆಟ್ಟಿಲು.

ಲೆಕ್ಕ ಒಂದೇ: ಎತ್ತರ ಮತ್ತು ಆಳ ಕೂಡಿಸಿದರೆ ಬರುವ ಸಂಖ್ಯೆ ಕಾರ್ಡಿನ ಪುಟದ ಅಗಲಕ್ಕಿಂತ ಕಮ್ಮಿ ಇರಬೇಕು. ಮುಚ್ಚಿದಾಗ ಮೂಲೆ ಅಷ್ಟು ದೂರಕ್ಕೆ ಚಾಚುತ್ತೆ. ಇಲ್ಲಿ 35+25 ಅಂದರೆ 60, ಪುಟ 105. ಧಾರಾಳ. 60+50 ಮಾಡಿದರೆ 5 ಮಿ.ಮೀ. ಹೊರಗೆ ಇಣುಕುತ್ತೆ.

ಕಿರುಬೆರಳು_ಮಡಿಕೇರಿ:
ಮೇಲೆ ಮಾಡಿನ ಇಳಿಜಾರು?

ನಾಲ್ಕು_ಮಡಿಕೆ:
ಬೇರೆ ತುಂಡಿನಲ್ಲಿ ಮಾಡಿನ ಮುಂಭಾಗ ಕತ್ತರಿಸಿ ಮುಂಗೋಡೆಗೆ ಟೇಪಲ್ಲಿ ಹಚ್ಚಿ. ಗೋಡೆಯ ಮೇಲಂಚು ದಾಟಿ 20 ಮಿ.ಮೀ. ತನಕ ಚಾಚಬಹುದು, ಮುಚ್ಚಿದಾಗ 80, ಇನ್ನೂ ಒಳಗೇ ಇರುತ್ತೆ. ಒಳಹಾಳೆಯನ್ನು ಕಾರ್ಡಿಗೆ ಹಚ್ಚುವಾಗ ಮನೆಯ ಹಿಂದೆ ಟೇಪ್ ಬೇಡ, ನಡು ಮಡಿಕೆಯ ಎರಡೂ ಕಡೆ 3 ಮಿ.ಮೀ. ಬಿಟ್ಟುಬಿಡಿ. ಅಲ್ಲಿ ಹಚ್ಚಿದರೆ ಕಾರ್ಡ್ ಪೂರ್ತಿ ಮುಚ್ಚಲ್ಲ.

ನಾಪೋಕ್ಲು_ನವಿರು:
ಕೈಲ್ ಮುಹೂರ್ತಕ್ಕೆ ಒಡಿಕತ್ತಿ (ಕೊಡವರ ಅಗಲ ಅಲಗಿನ ಕತ್ತಿ) ನಿಲ್ಲಿಸಬೇಕಾದರೆ ವಿ ಮಡಿಕೆ, ಅಂದರೆ ನಡುವೆ ಮಡಚಿದ ತುಂಡನ್ನು ನಡು ಗೆರೆಯ ಮೇಲೆ ವಿ ಆಕಾರದಲ್ಲಿ ಕೂರಿಸೋದು, ಅಲ್ವಾ? ಅದಕ್ಕೆ ನಡು ಗೆರೆಗೆ 45 ಡಿಗ್ರಿಯಲ್ಲೇ ಅಂಟಿಸಬೇಕು.

ನಾಲ್ಕು_ಮಡಿಕೆ:
45 ಇರಲೇಬೇಕು ಅಂತ ಏನೂ ಇಲ್ಲ. ಎರಡೂ ಕಡೆ ಕೋನ ಒಂದೇ ಇದ್ದರೆ ಸಾಕು, ಒಂದು ಕಡೆ 45 ಇನ್ನೊಂದು ಕಡೆ 40 ಆದರೆ ತಿರುಚುತ್ತೆ. ನೆಟ್ಟಗೆ ನಿಲ್ಲುತ್ತಾ ಇಲ್ಲವಾ ಅನ್ನೋದನ್ನು ತೀರ್ಮಾನಿಸೋದು ತುಂಡಿನ ಬುಡ. ಬುಡದ ಅಂಚು ಅದರ ನಡು ಮಡಿಕೆಗೆ 90 ಡಿಗ್ರಿ ಇದ್ದರೆ ಕಾರ್ಡ್ ಪೂರ್ತಿ ತೆರೆದಾಗ ಲಂಬವಾಗಿ ನಿಲ್ಲುತ್ತೆ, ನೆಲದ ಕೋನ ಎಷ್ಟಿದ್ದರೂ. ಬುಡವನ್ನು ಓರೆ ಕತ್ತರಿಸಿದರೆ ಮುಂದಕ್ಕೋ ಹಿಂದಕ್ಕೋ ವಾಲುತ್ತೆ. ಮೊದಲು ರದ್ದಿ ಕಾಗದದಲ್ಲಿ ಮಾಡಿ, ಮುಚ್ಚಿ, ಹೊರಗೆ ಇಣುಕಿದ್ದನ್ನು ಕತ್ತರಿಸಿ, ಅದನ್ನೇ ಅಚ್ಚು ಮಾಡ್ಕೊಳ್ಳಿ.

ನಾಪೋಕ್ಲು_ನವಿರು:
ಒಪ್ಪಿದೆ. ಒಡಿಕತ್ತಿಯ ಅಲಗಿಗೆ ಬೆಳ್ಳಿ ಫಾಯಿಲ್ ಕಾಗದ ಹಾಕುವವರು ಬಿಳಿ ಅಂಟು ಹಾಕಬೇಡಿ. ಫಾಯಿಲ್ ನೀರು ಹೀರಲ್ಲ, ನಡುವೆ ಸಿಕ್ಕ ನೀರು ಎಲ್ಲೂ ಹೋಗದೆ ದಿನಗಟ್ಟಲೆ ಜಾರುತ್ತಿರುತ್ತೆ. ಟೇಪ್ ಮಾತ್ರ. ಕತ್ತಿ ಸಿಕ್ಕಿಸುವ ತೊಡಂಗಿಗೆ ಹಿತ್ತಾಳೆ ಬಣ್ಣದ ಕಾಗದ. ಕುಪ್ಯಕ್ಕೆ (ಗಂಡಸರ ನಿಲುವಂಗಿ) ಕಪ್ಪು ಮ್ಯಾಟ್, ಚೇಲೆಗೆ (ಸೊಂಟದ ಪಟ್ಟಿ) ಕೆಂಪು. ಆದರೆ ಕೆಂಪು ಕ್ರೇಪ್ ಕಾಗದ ಬೇಡ, ಥಂಡಿಗೆ ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಹತ್ತುತ್ತೆ.

ಬೆಂಗಳೂರಲ್ಲಿ_ಕೊಡಗು:
ಇಷ್ಟೆಲ್ಲ ಯಾಕೆ, ಅಚ್ಚಿನಿಂದ ಕಾಗದ ಕತ್ತರಿಸುವ ಡೈ ಕಟಿಂಗ್ ಮಷಿನ್ ಇದೆಯಲ್ಲ. ಹೂ, ಎಲೆ, ಅಕ್ಷರ ಎಲ್ಲ ನಿಮಿಷದಲ್ಲಿ.

ಸುರುಳಿ_ಸೋಮವಾರಪೇಟೆ:
ಅದನ್ನು ಕೈಕೆಲಸ ಅಂತ ಮಾರಬೇಡಿ ಮತ್ತೆ.

ಬೆಂಗಳೂರಲ್ಲಿ_ಕೊಡಗು:
ಕತ್ತರಿಯೂ ಯಂತ್ರವೇ ಅಕ್ಕ.

ಸುರುಳಿ_ಸೋಮವಾರಪೇಟೆ:
ಕತ್ತರಿ ತಾನಾಗಿ ಕಾಫಿ ಎಲೆ ಕತ್ತರಿಸಲ್ಲ. ಕತ್ತರಿಸಿದ ತುಂಡನ್ನು ಜೋಡಿಸೋದು ಕೈಕೆಲಸ, ಒಪ್ಪುತ್ತೇನೆ. ಆದರೆ ಬೆಲೆ ಕ್ವಿಲ್ಲಿಂಗಿನದ್ದು ಕೇಳೋದು ಸರಿಯಲ್ಲ.

ಪ್ರೆಸ್ಸಿನ_ಅಣ್ಣ:
ಮಳೆಗಾಲದಲ್ಲಿ ಕರೆಂಟ್ ಇದ್ದರೆ ತಾನೇ ನಿಮ್ಮ ಮಷಿನ್.

ಕಿರುಬೆರಳು_ಮಡಿಕೇರಿ:
ಜಗಳ ಸಾಕು 🙏 ಅಕ್ಷರದ ವಿಷಯ ಹೇಳಿ. ಕಟರಿನಲ್ಲಿ "ಹುತ್ತರಿ" ಕೊರೆದರೆ ಒತ್ತಕ್ಷರ ಹರಿಯುತ್ತೆ, "ರ" ಒಳಗಿನ ತುಂಡು ಉದುರಿ ಬೀಳುತ್ತೆ.

ನಾಲ್ಕು_ಮಡಿಕೆ:
ಕನ್ನಡದಲ್ಲಿ ಮುಚ್ಚಿದ ಹೊಟ್ಟೆಯ ಅಕ್ಷರ ಜಾಸ್ತಿ, ಕಿಂಡಿ ಕೊರೆಯುವಾಗ ಪ್ರತಿ ಹೊಟ್ಟೆಗೂ ಸೇತುವೆ ಬೇಕು. ಸೇತುವೆ 2 ಮಿ.ಮೀ. ಅಗಲ, ಆದಷ್ಟೂ ಎರಡು ಕಡೆ. ಒಂದೇ ಸೇತುವೆ ಇಟ್ಟರೆ ಒಳತುಂಡು ಥಂಡಿಗೆ ಜೋತುಬೀಳುತ್ತೆ. ಮೂಲ ಅಕ್ಷರದ ಎತ್ತರ 18 ಮಿ.ಮೀ.ಗಿಂತ ಕಮ್ಮಿ ಮಾಡಬೇಡಿ, ಆಗ ಒತ್ತಿನ ಗೆರೆಯೂ 2 ಮಿ.ಮೀ. ಸಿಗುತ್ತೆ. ಮೊದಲು ಒಳಗಿನ ಚಿಕ್ಕ ಕಿಂಡಿಗಳನ್ನು ಕೊರೆದು, ಹೊರಗೆರೆ ಕೊನೆಗೆ. ಬಾಗು ಬಂದಾಗ ಬ್ಲೇಡ್ ತಿರುಗಿಸಬೇಡಿ, ಕಾಗದವನ್ನು ತಿರುಗಿಸಿ.

ಸುರುಳಿ_ಸೋಮವಾರಪೇಟೆ:
ಕೊರೆಯೋದೇ ಯಾಕೆ? ನಮ್ಮ ಅಕ್ಷರ ದುಂಡಗೆ, ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬರೆಯಬಹುದು. 5 ಮಿ.ಮೀ. ಅಗಲ, 160 ಜಿಎಸ್‌ಎಂ ಪಟ್ಟಿ. ಪೆನ್ಸಿಲ್ ಗೆರೆ ಎಳೆದು, ಪಟ್ಟಿಯನ್ನು ಬೆರಳಲ್ಲಿ ನೀವಿ ಬಾಗು ಕೊಟ್ಟು, ಅಂಚನ್ನು ಮುಚ್ಚಳದಲ್ಲಿ ಹರಡಿದ ಅಂಟಿಗೆ ಮುಟ್ಟಿಸಿ ಕೂರಿಸಿ. "ನಲ್ಲಾಮೆ" (ಕೊಡವ ಭಾಷೆಯ ಶುಭಾಶಯ) ಅಂತ ಬರೆದು ನೋಡಿ, ಕಟರ್ ಕೆಲಸಕ್ಕಿಂತ ಚೆಂದ. ತಲೆಕಟ್ಟು ಮಾತ್ರ ಬೇರೆ ತುಂಡಾಗಿ ಕೊನೆಗೆ ಇಡಿ.

ಗೋಂದು ಗೋಣಿಕೊಪ್ಪ:
ಉಬ್ಬು ಚಿತ್ತಾರ ಮೂಡಿಸುವ ಎಂಬಾಸಿಂಗ್ ಬಗ್ಗೆಯೂ ಒಂದು ಮಾತು. ಪುಡಿ ಹಾಕಿ ಬಿಸಿ ಮಾಡುವ ಎಂಬಾಸಿಂಗ್ ಈ ಋತುವಿಗೆ ತಲೆನೋವು. ಥಂಡಿ ಕಾಗದಕ್ಕೆ ಪುಡಿ ಎಲ್ಲೆಂದರಲ್ಲಿ ಅಂಟುತ್ತೆ. ಅಚ್ಚೊತ್ತುವ ಮೊದಲು ಕಾಗದವನ್ನು ಹೀಟ್ ಗನ್‌ನಲ್ಲಿ ಬಿಸಿ ಮಾಡಿ, ಟಾಲ್ಕಂ ಪೌಡರ್ ತೆಳುವಾಗಿ ಸವರಿ ಕೊಡವಬೇಕು. ಕೂದಲು ಒಣಗಿಸುವ ಡ್ರೈಯರ್‌ನಿಂದ ಆಗಲ್ಲ, ಪುಡಿ ಕರಗುವಷ್ಟು ಬಿಸಿ ಬರಲ್ಲ, ಗಾಳಿಗೆ ಹಾರಿಹೋಗುತ್ತೆ.

ಒಣ ಎಂಬಾಸಿಂಗ್ ಮಾಡಿ. ಕೊರೆದ ಅಚ್ಚನ್ನು ಕಾಗದದ ಮುಂಭಾಗಕ್ಕೆ ಟೇಪಿನಲ್ಲಿ ನಿಲ್ಲಿಸಿ, ತಿರುಗಿಸಿ, ಕಿಟಕಿ ಗಾಜಿಗೆ ಹಿಡಿದರೆ ಗೆರೆ ಕಾಣುತ್ತೆ. ಹಿಂದಿನಿಂದ ಗುಂಡುಮೊನೆ ಉಪಕರಣದಲ್ಲಿ ಅಂಚುಗಳನ್ನು ಉಜ್ಜಿ. ಥಂಡಿ ಇಲ್ಲಿ ಉಪಕಾರವೇ, ಸ್ವಲ್ಪ ತೇವ ಇರುವ ಕಾಗದ ಹರಿಯದೆ ಹಿಗ್ಗುತ್ತೆ. 120ರಿಂದ 200 ಜಿಎಸ್‌ಎಂ ಒಳಗೆ ಇರಲಿ.

ನಾಪೋಕ್ಲು_ನವಿರು:
ಐರಿಸ್ ಫೋಲ್ಡಿಂಗ್ (ಕಿಂಡಿಯ ಹಿಂದೆ ಮಡಚಿದ ಪಟ್ಟಿಗಳನ್ನು ಸುತ್ತ ಜೋಡಿಸೋದು) ಮರೆತಿರಿ, ಅದಕ್ಕೂ ಅಂಟು ಬೇಡ. ಬೋರ್ಡಿನಲ್ಲಿ ಕಿತ್ತಳೆ ಹಣ್ಣಿನ ಆಕಾರದ 60 ಮಿ.ಮೀ. ಕಿಂಡಿ ಕೊರೆಯಿರಿ. ಅಂಕಿ ಹಾಕಿದ ನಮೂನೆ ಹಾಳೆ ಮೇಜಿನ ಮೇಲೆ, ಅದರ ಮೇಲೆ ಕಾರ್ಡ್ ಬೋರಲು. 20 ಮಿ.ಮೀ. ಅಗಲದ ಪಟ್ಟಿಗಳನ್ನು ಉದ್ದಕ್ಕೆ ಮಡಚಿ, ಮಡಿಕೆಯ ಅಂಚು ಕಿಂಡಿಯ ನಡುವಿಗೆ ಮುಖ ಮಾಡುವ ಹಾಗೆ 1, 2, 3, 4 ಅಂತ ಸುತ್ತು ಬರಬೇಕು. ಪ್ರತಿ ಸುತ್ತಿಗೆ 3 ಮಿ.ಮೀ. ಒಳಕ್ಕೆ. ಪಟ್ಟಿಯ ತುದಿಗೆ ಸೆಲ್ಲೋಟೇಪ್, ಆದರೆ ಟೇಪ್ ನಮೂನೆ ಹಾಳೆಗೆ ಹತ್ತಬಾರದು, ಹತ್ತಿದರೆ ಕೊನೆಗೆ ಎರಡೂ ಬೇರೆಯಾಗಲ್ಲ. ನಡುವೆ ಉಳಿದ ತೂತಿಗೆ ಚಿನ್ನದ ಬಣ್ಣದ ಫಾಯಿಲ್. ಬ್ಯಾಂಕ್ ಲಕೋಟೆಗಳ ಒಳಗಿನ ನೀಲಿ ನಮೂನೆಯ ಕಾಗದ ಇದಕ್ಕೆ ಹೇಳಿ ಮಾಡಿಸಿದ್ದು.

ಕಿರುಬೆರಳು_ಮಡಿಕೇರಿ:
ಕೈಲ್ ಮುಹೂರ್ತಕ್ಕೆ ಐರಿಸ್ ಮತ್ತು ಒಣ ಎಂಬಾಸಿಂಗ್, ಹುತ್ತರಿಗೆ ಮಳೆ ಹೋದ ಮೇಲೆ ಕ್ವಿಲ್ಲಿಂಗ್ ಅಂತ ಮಾಡಿಕೊಳ್ತೇನೆ. ಕ್ವಿಲ್ಲಿಂಗ್ ಮೇಲೆ ವಾರ್ನಿಷ್ ಸ್ಪ್ರೇ ಹೊಡೆದರೆ ಥಂಡಿ ತಡೆಯುತ್ತಾ?

ಗೋಂದು ಗೋಣಿಕೊಪ್ಪ:
ಮಳೆ ಹೊಯ್ಯುವಾಗ ಹೊಡೆದರೆ ಸ್ಪ್ರೇ ಬಿಳಿಚಿಕೊಳ್ಳುತ್ತೆ, ಗಾಳಿಯ ತೇವ ಪದರದೊಳಗೆ ಸಿಕ್ಕಿಬೀಳುತ್ತೆ. ನವೆಂಬರಲ್ಲಿ ಒಣ ಬಿಸಿಲು ಬಂದಾಗ ಮ್ಯಾಟ್ ಅಕ್ರಿಲಿಕ್ ಸ್ಪ್ರೇ 25–30 ಸೆಂ.ಮೀ. ದೂರದಿಂದ ಎರಡು ತೆಳು ಸಲ. ನೀರಿನ ವಾರ್ನಿಷನ್ನು ಬ್ರಷ್‌ನಲ್ಲಿ ಬಳಿದರೆ ಸುರುಳಿ ಬಿಚ್ಚಿಕೊಳ್ಳುತ್ತೆ.

ಅಂಚೆಚೀಟಿ:
ಕಳಿಸೋ ವಿಷಯ. ಎ5 ಬೋರ್ಡ್ 250 ಜಿಎಸ್‌ಎಂ ಅಂದರೆ 7.8 ಗ್ರಾಂ. ಫಲಕ 300 ಜಿಎಸ್‌ಎಂ, 4 ಗ್ರಾಂ. ಹಿಂದಿನ ಜೆರಾಕ್ಸ್ ಹಾಳೆ 1 ಗ್ರಾಂ. 100 ಜಿಎಸ್‌ಎಂ ಲಕೋಟೆ ಸುಮಾರು 4.5. ಅಲ್ಲಿಗೇ 17 ದಾಟಿತು. ಕ್ವಿಲ್ಲಿಂಗ್, ಟೇಪ್ ಸೇರಿ 20ರ ಅಂಚಿಗೆ ಬರುತ್ತೆ. ಅಂಚೆಯಲ್ಲಿ ಮೊದಲ ಹಂತ 20 ಗ್ರಾಂ, ದಾಟಿದರೆ ಇನ್ನೊಂದು ಹಂತದ ಸ್ಟಾಂಪ್. 40 ಕಾರ್ಡ್ ಆದರೆ ಲೆಕ್ಕ ಹಾಕಿ, ಇಲ್ಲವೇ ಫಲಕ 250ಕ್ಕೆ ಇಳಿಸಿ. ಕೌಂಟರಿನಲ್ಲಿ ಒಂದನ್ನು ತೂಗಿಸಿ ನೋಡಿ ಉಳಿದದ್ದಕ್ಕೆ ಸ್ಟಾಂಪ್ ಹಚ್ಚಿ. ಮುದ್ರೆ ಬೀಳೋದು ಮೇಲಿನ ಬಲ ಮೂಲೆಗೆ, ಒಳಗೆ ಆ ಜಾಗದಲ್ಲಿ ಹೂ ಇಡಬೇಡಿ.

ಕಿರುಬೆರಳು_ಮಡಿಕೇರಿ:
ಲಕೋಟೆ ಯಾವ ಅಳತೆ? ಹಣ್ಣಿನ ಗುಮ್ಮಟ 4 ಮಿ.ಮೀ. ಏಳುತ್ತೆ.

ಅಂಚೆಚೀಟಿ:
ಸಿ6, ಅಂದರೆ 114×162, ಚಪ್ಪಟೆ ಕಾರ್ಡಿಗೆ ಸರಿ. 4 ಮಿ.ಮೀ. ಎದ್ದದ್ದಕ್ಕೆ ಅದು ಬಿಗಿಯಾಗಿ ಮೂಲೆ ಹರಿಯುತ್ತೆ. ಮೂರು ಕಡೆ 5 ಮಿ.ಮೀ. ಬದಿಗೋಡೆ ಇರುವ ಲಕೋಟೆ ನೀವೇ ಮಡಚಿ, 120 ಜಿಎಸ್‌ಎಂ. ಫಲಕದ ನಾಲ್ಕು ಅಂಚಿಗೂ 3 ಮಿ.ಮೀ. ಫೋಮ್ ಟೇಪ್ ಚೌಕಟ್ಟು ಹಚ್ಚಿ, ಮೇಲೆ ಸಾದಾ ಬೋರ್ಡಿನ ತುಂಡು ಇಟ್ಟರೆ ಒತ್ತಡ ಚೌಕಟ್ಟಿಗೆ ಬೀಳುತ್ತೆ. ಇದು ಖಂಡಿತ 20 ಗ್ರಾಂ ದಾಟುತ್ತೆ.

ಸುರುಳಿ_ಸೋಮವಾರಪೇಟೆ:
ಚೌಕಟ್ಟು 3 ಮಿ.ಮೀ. ಗುಮ್ಮಟ 4 ಮಿ.ಮೀ. ಅಂದರೆ ಹಣ್ಣಿಗೇ ಬೀಳುತ್ತಲ್ಲ ಒತ್ತಡ. ಫೋಮ್ ಎರಡು ಪದರ ಹಾಕಿ, ಲಕೋಟೆಯ ಬದಿಗೋಡೆ 8 ಮಾಡಿ. ಇಲ್ಲ ಗುಮ್ಮಟ ಒತ್ತದೆ ಹಣ್ಣನ್ನು ಚಪ್ಪಟೆಯಾಗಿಯೇ ಬಿಡಿ, ಎತ್ತರ ಪಟ್ಟಿಯ ಅಗಲದಷ್ಟೇ, 3 ಮಿ.ಮೀ., ಒಂದೇ ಪದರ ಸಾಕು.

ಅಂಚೆಚೀಟಿ:
ಹೌದು, ಚಪ್ಪಟೆ ಬಿಡೋದೇ ಅಗ್ಗ.